‘ಇವರು ಬಂದು ಪಕ್ಕದಲ್ಲಿ ಮಲಗಿದ ಹಾಗಾಗುತ್ತದೆ’

ಪ್ರಶ್ನೆ: ನನಗೆ 57 ವರ್ಷ. ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಈಗ ಒಬ್ಬಳೇ ಇದ್ದೇನೆ. ಇವರು ತೀರಿಹೋಗಿ ಏಳು ತಿಂಗಳಾಯಿತು. ಹೃದಯಾಘಾತ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. 32 ವರ್ಷದ ಸಂಸಾರ. ಇವರು ಮುಂಬೈ ಫೋರ್ಟಿನ ಒಂದು ಹೋಟೆಲಿನಲ್ಲಿ ಕ್ಯಾಶ್ ಗಲ್ಲೆಯಲ್ಲಿ ಕೂರುತ್ತಿದ್ದರು. ಲೆಕ್ಕ ಮುಗಿಸಿ, ರಾತ್ರಿಯ ಲೋಕಲ್ ಹಿಡಿದು ಮನೆಗೆ ಬರುವಾಗ ಒಂದು ಗಂಟೆ. ಈಗಲೂ ಆ ಹೊತ್ತಿಗೆ ಹಾಸಿಗೆಯ ಆ ಬದಿ ತಗ್ಗುತ್ತದೆ. ಬೆನ್ನಿಗೆ ಬಿಸಿ ತಾಗುತ್ತದೆ. ಎರಡು ಸಲ ಭುಜದ ಮೇಲೆ ಕೈ ಇಟ್ಟದ್ದು ಸ್ಪಷ್ಟವಾಗಿ ಗೊತ್ತಾಯಿತು. ಹೆದರಿಕೆ ಆಗುವುದಿಲ್ಲ, ತಿರುಗಿ ನೋಡಿದ ಮೇಲೆ ಅಳು ಬರುತ್ತದೆ. ಠಾಣೆಯಲ್ಲಿರುವ ಮಗ ಸೈಕಿಯಾಟ್ರಿಸ್ಟ್ ಹತ್ತಿರ ಹೋಗೋಣ ಎನ್ನುತ್ತಾನೆ. ಊರಲ್ಲಿರುವ ನಾದಿನಿ, ಅಣ್ಣನ ಜೀವ ಸಿಕ್ಕಿಕೊಂಡಿದೆ, ಜೋಯಿಸರ ಹತ್ತಿರ ಪ್ರಶ್ನೆ ಇಡಿಸಬೇಕು ಎನ್ನುತ್ತಾಳೆ. ನಿದ್ರೆಗೆ ಪಕ್ಕದ ಮನೆಯವರು ಕೊಟ್ಟ ಮಾತ್ರೆ ಆಗಾಗ ತೆಗೆದುಕೊಳ್ಳುತ್ತೇನೆ. ನಮ್ಮ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟಲು ರೀಡೆವಲಪ್‌ಮೆಂಟಿಗೆ ಹೋಗುತ್ತಿದೆ, ಮೂರು ತಿಂಗಳಲ್ಲಿ ಮನೆ ಖಾಲಿ ಮಾಡಬೇಕು. ನನಗೆ ಹುಚ್ಚು ಹಿಡಿದಿದೆಯೇ? ಮನೆ ಬಿಟ್ಟರೆ ಇವರು ಎಲ್ಲಿಗೆ ಬರಬೇಕು? ಬಂದಾಗ ಮಾತಾಡಲೇ?

ಉತ್ತರ:

ಅಕ್ಕಾ, ನಿಮಗೆ ಹುಚ್ಚು ಹಿಡಿದಿಲ್ಲ. ಮೊದಲು ಇದನ್ನು ಹೇಳಿಬಿಡುತ್ತೇನೆ, ಏಕೆಂದರೆ ಈ ಒಂದು ಹೆದರಿಕೆಯಿಂದಲೇ ಎಷ್ಟೋ ಹೆಂಗಸರು, ಗಂಡಸರು ವರ್ಷಗಟ್ಟಲೆ ಬಾಯಿ ಬಿಡದೆ ಕೂರುತ್ತಾರೆ. ತೀರಿಹೋದವರು ಹತ್ತಿರ ಇದ್ದಾರೆ ಎಂದು ಮೈಗೆ ಗೊತ್ತಾಗುವುದು ದುಃಖದ ದಾರಿಯಲ್ಲಿ ತೀರಾ ಸಾಮಾನ್ಯ. ಮನೋವೈದ್ಯರ ಪುಸ್ತಕಗಳೂ ಇದನ್ನು ಕಾಯಿಲೆಯ ಪಟ್ಟಿಯಿಂದ ಹೊರಗಿಟ್ಟೇ ನೋಡುತ್ತವೆ.

ಇದನ್ನು ಹೆಚ್ಚು ಜನರಲ್ಲಿ ಲೆಕ್ಕ ಹಾಕಿ ತೋರಿಸಿದವರು ಡೆವಿ ರೀಸ್ ಎಂಬ ಒಬ್ಬ ಹಳ್ಳಿಗಾಡಿನ ಡಾಕ್ಟರು. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ ತಮ್ಮ ಸುತ್ತಲಿನ ಊರುಗಳಲ್ಲಿ ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ 293 ಮಂದಿಯನ್ನು ಅವರು ಮಾತಾಡಿಸಿದರು. 1971ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದು ಅಚ್ಚಾಯಿತು. ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಇಂಥ ಅನುಭವ ಆಗಿತ್ತು. ‘ಇಲ್ಲೇ ಇದ್ದಾರೆ’ ಎಂಬ ಭಾವನೆ ಶೇಕಡಾ 39 ಮಂದಿಗೆ. ಕಣ್ಣಿಗೆ ಕಂಡದ್ದು ಶೇಕಡಾ 14, ದನಿ ಕೇಳಿಸಿದ್ದು ಶೇಕಡಾ 13ರಷ್ಟು. ನಿಮಗೆ ಆಗುತ್ತಿರುವ ಹಾಗೆ ಸ್ಪರ್ಶ ಗೊತ್ತಾದವರು ಶೇಕಡಾ 3ಕ್ಕಿಂತ ಕಡಿಮೆ. ಅಂದರೆ ಭುಜದ ಮೇಲೆ ಕೈ ಬಿದ್ದದ್ದು ಅಪರೂಪ, ಆದರೆ ಹೊಸದಲ್ಲ. ಇದು ಒಂಟಿತನದಿಂದ ಕಂಗೆಟ್ಟವರ ಕಲ್ಪನೆ ಎಂದು ಯಾರಾದರೂ ನಿಮಗೆ ಹೇಳಿದರೆ ಒಂದು ಮಾತು ನೆನಪಿಡಿ: ದೀರ್ಘಕಾಲ ಚೆನ್ನಾಗಿ ಸಂಸಾರ ಮಾಡಿದವರಲ್ಲೇ ಇಂಥ ಅನುಭವ ಹೆಚ್ಚು ಎಂದು ರೀಸ್ ಕಂಡರು. ಹೆಚ್ಚಿನವರಿಗೆ ಇದರಿಂದ ಸಮಾಧಾನವೇ ಸಿಕ್ಕಿತ್ತು. ಆದರೂ ಅವರಲ್ಲಿ ಬಹುಪಾಲು ಜನ ಅಲ್ಲಿಯವರೆಗೆ ಅದನ್ನು ಯಾರಿಗೂ ಹೇಳಿರಲಿಲ್ಲ.

ಅದಕ್ಕೂ ಎರಡು ವರ್ಷ ಮೊದಲು ಟೋಕಿಯೋದಿಂದ ಒಂದು ವರದಿ ಬಂದಿತ್ತು. ರಸ್ತೆ ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡ 20 ಹೆಂಗಸರಲ್ಲಿ 18 ಮಂದಿ ಗಂಡ ಹತ್ತಿರವೇ ಇರುವ ಹಾಗನಿಸುತ್ತದೆ ಎಂದಿದ್ದರು. ಜಪಾನಿನ ಎಷ್ಟೋ ಮನೆಗಳಲ್ಲಿ ತೀರಿಹೋದವರಿಗೆಂದು ಒಂದು ಪುಟ್ಟ ಗೂಡು ಇರುತ್ತದೆ, ಅಲ್ಲಿ ಅನ್ನ ಇಡುತ್ತಾರೆ, ಧೂಪ ಹಚ್ಚುತ್ತಾರೆ, ದಿನದ ಸಮಾಚಾರ ಹೇಳುತ್ತಾರೆ. ಹಾಗಾಗಿ ಆ ಹೆಂಗಸರಿಗೆ ತಮ್ಮ ಅನುಭವ ವಿಚಿತ್ರ ಎನಿಸಲಿಲ್ಲ, ಮುಚ್ಚಿಡುವ ಅಗತ್ಯವೂ ಬೀಳಲಿಲ್ಲ.

ಹಾಗಾದರೆ ಮೈಗೆ ಏಕೆ ಗೊತ್ತಾಗುತ್ತದೆ? 32 ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ್ದೀರಿ. ಅಷ್ಟು ವರ್ಷ ನಿಮ್ಮ ಮೈ ಒಂದು ಪಾಠ ಕಲಿತಿದೆ: ಒಂದು ಗಂಟೆಗೆ ಬೀಗದ ಸದ್ದು, ಬಾತ್‌ರೂಮಿನ ನೀರು, ಆಮೇಲೆ ಬಲಬದಿಯೋ ಎಡಬದಿಯೋ ಹಾಸಿಗೆ ತಗ್ಗುವುದು, ಬೆನ್ನಿಗೊಂದು ಬಿಸಿ. ಮಿದುಳು ಎಲ್ಲವನ್ನೂ ಹೊರಗಿನಿಂದ ಬಂದ ಮೇಲೆಯೇ ತಿಳಿದುಕೊಳ್ಳುವುದಿಲ್ಲ, ಮುಂದೆ ಏನು ಬರುತ್ತದೆ ಎಂದು ಮೊದಲೇ ಅಂದಾಜು ಕಟ್ಟಿಕೊಂಡಿರುತ್ತದೆ. ಆ ಅಂದಾಜಿಗೂ ಬಂದ ಸುದ್ದಿಗೂ ತಾಳೆ ಬೀಳದಾಗ, ಅದೂ ಕತ್ತಲಲ್ಲಿ, ಅರೆನಿದ್ರೆಯಲ್ಲಿ, ಅಂದಾಜೇ ಮೇಲುಗೈಯಾಗಿ ಮೈಗೆ ತಾಗಿಬಿಡುತ್ತದೆ. ಕಾಲು ಕತ್ತರಿಸಿದ ರೋಗಿಗೆ ಇಲ್ಲದ ಪಾದದಲ್ಲಿ ತುರಿಕೆ ಬರುತ್ತದೆ. ಆ ತುರಿಕೆ ಸುಳ್ಳೆಂದು ಯಾವ ಡಾಕ್ಟರೂ ಹೇಳುವುದಿಲ್ಲ. ನಿಮ್ಮ ವಿಷಯದಲ್ಲಿ ಹೋದದ್ದು ಪಾದಕ್ಕಿಂತ ದೊಡ್ಡದು.

ಮಿದುಳಿನಲ್ಲಿ ಇದಕ್ಕೆ ಒಂದು ಜಾಗವನ್ನೂ ಗುರುತಿಸಿದ್ದಾರೆ. ಕಿವಿಯ ಮೇಲಿನಿಂದ ತುಸು ಹಿಂದಕ್ಕೆ, ಮೈಯ ಎಲ್ಲ ಸುದ್ದಿಗಳು ಒಟ್ಟು ಸೇರುವ ಒಂದು ಭಾಗವಿದೆ. 2006ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಓಲಾಫ್ ಬ್ಲಾಂಕೆ ಮತ್ತು ಅವರ ಸಂಗಡಿಗರು ಮೂರ್ಛೆರೋಗದ ಶಸ್ತ್ರಚಿಕಿತ್ಸೆಗಾಗಿ ಪರೀಕ್ಷೆಯಲ್ಲಿದ್ದ ಒಬ್ಬ ಯುವತಿಯ ಎಡಮಿದುಳಿನ ಆ ಭಾಗಕ್ಕೆ ಸಣ್ಣ ವಿದ್ಯುತ್ತು ಹರಿಸಿದರು. ತಕ್ಷಣ ಆಕೆಗೆ ಹಿಂದೆ ಯಾರೋ ಇದ್ದಾರೆ ಎನಿಸಿತು. ಆಕೆ ಕುಳಿತರೆ ಆ ನೆರಳೂ ಕುಳಿತಿತು, ಮಲಗಿದರೆ ಅದೂ ಮಲಗಿತು. ‘ಪಕ್ಕದಲ್ಲಿ ಯಾರೋ ಇದ್ದಾರೆ’ ಎಂಬ ಅರಿವನ್ನು ಹುಟ್ಟಿಸುವ ವ್ಯವಸ್ಥೆ ನಮ್ಮೆಲ್ಲರ ತಲೆಯೊಳಗೂ ಇದೆ ಎಂದಷ್ಟೇ ಇದರಿಂದ ತಿಳಿಯುತ್ತದೆ. ಆದರೆ ಆ ಯುವತಿಗೆ ಕಂಡದ್ದು ಹೆಸರಿಲ್ಲದ ನೆರಳು, ಅದರಿಂದ ಆಕೆಗೆ ಕಸಿವಿಸಿಯಾಯಿತು. ನಿಮಗೆ ಗೊತ್ತಾಗುತ್ತಿರುವುದು ನಿಮ್ಮ ಯಜಮಾನರ ಕೈ, ಅವರ ಬಿಸಿ, ಅವರು ಬರುವ ಹೊತ್ತು. ಅದನ್ನೆಲ್ಲ ಒದಗಿಸಿದ್ದು 32 ವರ್ಷದ ಸಂಸಾರ.

ಇದು ಹೆಚ್ಚಾಗಿ ನಿದ್ರೆಯ ಹೊಸ್ತಿಲಲ್ಲೇ ಆಗುವುದಕ್ಕೂ ಕಾರಣವಿದೆ. ಆ ಹೊತ್ತಿನಲ್ಲಿ ಕನಸು ಮತ್ತು ಎಚ್ಚರ ಒಂದರೊಳಗೊಂದು ಬೆರೆಯುತ್ತವೆ. ನಿದ್ರೆ ಸಾಲದವರಲ್ಲಿ ಇನ್ನೂ ಹೆಚ್ಚು. ನಿಮ್ಮ ಪತ್ರ ನೋಡಿದರೆ ನೀವು ಒಂದು ಗಂಟೆಯವರೆಗೆ ಕಾಯುತ್ತಲೇ ಇರುವ ಹಾಗಿದೆ. ಇದಕ್ಕೆ ಆಮೇಲೆ ಬರುತ್ತೇನೆ.

ನಾದಿನಿಯವರ ಮಾತಿಗೆ ಈಗ. ಅವರು ಅಣ್ಣನನ್ನು ಕಳೆದುಕೊಂಡವರು, ಅವರ ಮಾತಿನಲ್ಲೂ ದುಃಖವೇ ಇದೆ, ಆದ್ದರಿಂದ ಅವರ ಮೇಲೆ ಸಿಟ್ಟು ಬೇಡ. ಆತ್ಮ ಇದೆಯೇ, ಬರುತ್ತದೆಯೇ ಎಂದು ನಿರ್ಧರಿಸುವುದು ವೈದ್ಯನಾದ ನನ್ನ ಕೆಲಸವಲ್ಲ. ನೀವು ಅದನ್ನು ನಂಬಿದರೂ ನಂಬದಿದ್ದರೂ ನಾನು ಇಲ್ಲಿ ಹೇಳುವ ಯಾವ ಮಾತೂ ಬದಲಾಗುವುದಿಲ್ಲ. ಆದರೆ ನಮ್ಮ ಕರಾವಳಿಯ ಪದ್ಧತಿಯನ್ನೇ ನೋಡಿ. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ನಂತರ ಬಾಗಿಲು ಮುಚ್ಚಿ ಸತ್ತವರನ್ನು ಓಡಿಸುವುದಿಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೇ ಮಾಡಿ ಬಡಿಸುತ್ತೇವೆ. ಪಿತೃಪಕ್ಷದಲ್ಲಿ ಕರೆಯುತ್ತೇವೆ. ಇಲ್ಲಿ ಮಹಾರಾಷ್ಟ್ರದವರು ಕಾಗೆ ಪಿಂಡ ಮುಟ್ಟುವವರೆಗೆ ಕಾದು ನಿಲ್ಲುತ್ತಾರೆ. ತೀರಿಹೋದವರಿಗೂ ಮನೆಯಲ್ಲಿ ಒಂದು ಎಲೆ ಇದೆ ಎಂದು ಒಪ್ಪಿಕೊಂಡ ಜನ ನಾವು. ‘ಜೀವ ಸಿಕ್ಕಿಕೊಂಡಿದೆ’ ಎಂಬ ಒಂದು ಮಾತಿಗೆ ಅದೆಲ್ಲವನ್ನೂ ಮರೆತು ಹೆದರಬೇಕಾಗಿಲ್ಲ.

ನಿಮಗೆ ನೆಮ್ಮದಿ ಕೊಡುವ ಕ್ರಿಯೆ ಯಾವುದಿದ್ದರೂ ಮಾಡಿಸಿ. ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಮೊದಲು ನಿಮ್ಮನ್ನು ಹೆದರಿಸಿ, ಆಮೇಲೆ ಆ ಹೆದರಿಕೆಗೆ ಪರಿಹಾರ ಎಂದು ಖರ್ಚಿನ ಪಟ್ಟಿ ಕೊಡುವವರ ಹತ್ತಿರ ಹೋಗಬೇಡಿ. ಈಗ ನಿಮಗೆ ಹೆದರಿಕೆ ಇಲ್ಲ. ‘ಅವನು ಅತೃಪ್ತನಾಗಿದ್ದಾನೆ, ನಿನ್ನನ್ನು ಎಳೆಯುತ್ತಿದ್ದಾನೆ’ ಎಂದು ಯಾರಾದರೂ ಹೇಳಿದ ಮರುದಿನದಿಂದ ಅದೇ ಕೈ, ಅದೇ ಬಿಸಿ ನಿಮಗೆ ಭಯವಾಗಿ ತಿರುಗುತ್ತದೆ. ಹಾಗೆ ತಿರುಗಿ, ರಾತ್ರಿ ದೀಪ ಆರಿಸಲಾಗದೆ ಒದ್ದಾಡುವ ಸ್ಥಿತಿಗೆ ಬಂದವರನ್ನು ನೋಡಿದ್ದೇನೆ. ಸಮಾಧಾನವನ್ನು ಭಯವಾಗಿ ಮಾಡುವುದು ಬಹಳ ಸುಲಭ, ಮತ್ತೆ ಹಿಂದಕ್ಕೆ ತರುವುದು ಕಷ್ಟ.

ವೈದ್ಯರ ಕಡೆಯಿಂದಲೂ ಒಂದು ಕಾಲದಲ್ಲಿ ತಪ್ಪು ಸಲಹೆ ಬರುತ್ತಿತ್ತು. ಸತ್ತವರಿಂದ ಮನಸ್ಸನ್ನು ಸ್ವಲ್ಪಸ್ವಲ್ಪವಾಗಿ ಕಿತ್ತುಕೊಳ್ಳುವುದೇ ದುಃಖದ ಕೆಲಸ ಎಂದು 1917ರಲ್ಲಿ ಫ್ರಾಯ್ಡ್ ಬರೆದದ್ದು ಬಹುಕಾಲ ನಡೆಯಿತು. ‘ಮರೆತುಬಿಡಿ, ಫೋಟೋ ತೆಗೆದಿಡಿ’ ಎಂಬ ಮಾತುಗಳ ಹಿಂದೆ ಅದೇ ಇದೆ. 1990ರ ದಶಕದಿಂದ ಈಚೆಗೆ ಈ ವಿಷಯದಲ್ಲಿ ಕೆಲಸ ಮಾಡುವವರ ನಿಲುವು ಬದಲಾಗಿದೆ. ಸಂಬಂಧ ಮುಂದುವರಿಯುತ್ತದೆ, ಅದರ ರೂಪ ಬೇರೆಯಾಗುತ್ತದೆ ಎಂದೇ ಈಗ ನಾವು ನೋಡುವುದು. ಆದ್ದರಿಂದ ಇವರನ್ನು ಕಳಿಸಿಬಿಡಿ ಎಂದು ನಾನು ನಿಮಗೆ ಹೇಳುವುದಿಲ್ಲ. ಅವರು ಬಂದು ಹೋದ ಮೇಲೆ ನಿಮ್ಮ ಮರುದಿನ ಹೇಗೆ ಕಳೆಯುತ್ತದೆ, ನಾನು ಕೇಳುವುದು ಅದನ್ನೇ. ಎದ್ದು ಸ್ನಾನ ಮಾಡಿ, ಗಂಜಿಯೋ ದೋಸೆಯೋ ಮಾಡಿಕೊಂಡು ತಿನ್ನುತ್ತೀರಾ? ಭಜನೆಗೆ, ಮಾರ್ಕೆಟಿಗೆ ಹೋಗುತ್ತೀರಾ? ಮಗ ಫೋನ್ ಮಾಡಿದರೆ ಮಾತಾಡುವ ಮನಸ್ಸಾಗುತ್ತದೆಯೇ? ಅಥವಾ ಹಗಲೆಲ್ಲ ರಾತ್ರಿ ಒಂದು ಗಂಟೆಗಾಗಿ ಕಾಯುವುದೇ ಆಗಿದೆಯೇ?

ಕೊನೆಯದ್ದಕ್ಕೆ ನಿಮ್ಮ ಉತ್ತರ ‘ಹೌದು’ ಆಗಿದ್ದರೆ ಸಹಾಯ ಬೇಕು. ದೀರ್ಘಕಾಲ ಸಡಿಲಗೊಳ್ಳದ ಶೋಕವನ್ನು ಈಗ ವೈದ್ಯಶಾಸ್ತ್ರ ಒಂದು ತೊಂದರೆ ಎಂದು ಗುರುತಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದಕ್ಕೆ ಕನಿಷ್ಠ 6 ತಿಂಗಳು, ಅಮೆರಿಕದ ಮನೋವೈದ್ಯರ ಪಟ್ಟಿಯಲ್ಲಿ ವಯಸ್ಕರಿಗೆ 12 ತಿಂಗಳು ಎಂದಿದೆ. ಎರಡು ಪಟ್ಟಿಗಳಿಗೇ ಒಮ್ಮತವಿಲ್ಲದ ಮೇಲೆ ಏಳನೇ ತಿಂಗಳಿನಲ್ಲಿರುವ ನೀವು ಕ್ಯಾಲೆಂಡರ್ ನೋಡಿ ಹೆದರಬೇಡಿ. ತಿಂಗಳ ಜೊತೆಗೆ ನೋಡಬೇಕಾದದ್ದು ಬದುಕು ನಿಂತುಹೋಗಿದೆಯೇ ಎಂಬುದನ್ನು. ಅದಕ್ಕೆ ಮಾತಿನ ಚಿಕಿತ್ಸೆ ಇದೆ, ಅದು ಕೆಲಸ ಮಾಡುತ್ತದೆ.

ಇನ್ನು ಕೆಲವು ಲಕ್ಷಣಗಳಿವೆ, ಅವು ಕಂಡರೆ ತಡಮಾಡಬಾರದು. ದನಿ ಕೇಳಿಸಿ ಅದು ಬೈದರೆ, ಅಪ್ಪಣೆ ಮಾಡಿದರೆ, ‘ನನ್ನ ಜೊತೆ ಬಾ’ ಎಂದು ಕರೆದರೆ. ಇವರಲ್ಲದೆ ಪರಿಚಯವಿಲ್ಲದ ಜನ, ಮಕ್ಕಳು, ಪ್ರಾಣಿಗಳು ಮನೆಯಲ್ಲಿ ಓಡಾಡಿದ ಹಾಗೆ ಕಂಡರೆ. ಅದರ ಜೊತೆಗೆ ಮರೆವು, ಕೈಕಾಲು ಬಿಗಿತ, ಕೈನಡುಕ, ಕಾರಣವಿಲ್ಲದೆ ಬೀಳುವುದು ಶುರುವಾದರೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ, ಲ್ಯೂಯಿ ಬಾಡಿ ಎಂಬ ಬಗೆಯ ಮರೆವಿನ ಕಾಯಿಲೆಯಲ್ಲಿ ‘ಪಕ್ಕದಲ್ಲಿ ಯಾರೋ ಇದ್ದಾರೆ’ ಎನಿಸುವುದು ಕೆಲವೊಮ್ಮೆ ಮೊದಮೊದಲೇ ಬರುತ್ತದೆ. ಕಣ್ಣಿನ ದೃಷ್ಟಿ ಬಹಳ ಕಡಿಮೆಯಾದವರಿಗೆ ಬುದ್ಧಿ ಸರಿಯಿದ್ದೂ ಇಲ್ಲದ ಚಿತ್ರಗಳು ಕಾಣುತ್ತವೆ. ಜ್ವರ, ರಕ್ತದಲ್ಲಿ ಸೋಡಿಯಂ ಇಳಿಯುವುದು, ಹೊಸ ಔಷಧ, ಇವೂ ವಯಸ್ಸಾದವರ ಮನಸ್ಸನ್ನು ಕಲಕುತ್ತವೆ. ನಿಮ್ಮ ಪತ್ರದಲ್ಲಿ ಇವು ಯಾವುದೂ ಕಾಣುವುದಿಲ್ಲ. ಆದರೂ ಈ ಅಂಕಣ ಓದುವ ಬೇರೆಯವರಿಗೂ ಬೇಕಾಗಬಹುದು ಎಂದು ಬರೆದೆ.

ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ್ದು ಪಕ್ಕದ ಮನೆಯವರ ಮಾತ್ರೆ. ಒಬ್ಬರಿಗೆ ಬರೆದುಕೊಟ್ಟ ನಿದ್ರೆ ಮಾತ್ರೆಯನ್ನು ಇನ್ನೊಬ್ಬರು ನುಂಗುವುದು ನಮ್ಮ ಬಿಲ್ಡಿಂಗುಗಳಲ್ಲಿ ಸಕ್ಕರೆ ಕಡ ಕೊಟ್ಟಷ್ಟು ಸಲೀಸಾಗಿ ನಡೆಯುತ್ತದೆ. ಜೋಲ್ಪಿಡೆಮ್ ತರಹದ ಮಾತ್ರೆಗಳಿಂದ ಅರೆನಿದ್ರೆಯಲ್ಲಿ ಇಲ್ಲದ್ದು ಕಾಣುವುದು, ತಾಗುವುದು ಆಗಬಹುದು. ರಾತ್ರಿ ಎದ್ದಾಗ ಕಾಲು ತಪ್ಪಿ ಬೀಳುವ ಅಪಾಯ ಬೇರೆ, ನೀವಂತೂ ಮನೆಯಲ್ಲಿ ಒಬ್ಬರೇ. ಆಗಾಗ ತೆಗೆದುಕೊಂಡಿದ್ದರೆ ಇಂದೇ ನಿಲ್ಲಿಸಿ. ವಾರಗಟ್ಟಲೆ ದಿನವೂ ತೆಗೆದುಕೊಂಡಿದ್ದರೆ ಮಾತ್ರ ಒಮ್ಮೆಲೇ ಬಿಡಬೇಡಿ, ಡಾಕ್ಟರರಿಗೆ ತೋರಿಸಿ ಮೆಲ್ಲಗೆ ಇಳಿಸಿಕೊಳ್ಳಬೇಕು.

ಮಗನ ಜೊತೆ ಹೋಗಿ. ಹುಚ್ಚಿಗೆ ಔಷಧಿ ತರಲು ಹೋಗುವುದಲ್ಲ, ನಿದ್ರೆ ಸರಿಮಾಡಿಕೊಳ್ಳಲು ಮತ್ತು ಏಳು ತಿಂಗಳಿನಿಂದ ಒಳಗೇ ಇಟ್ಟುಕೊಂಡದ್ದನ್ನು ಒಬ್ಬರ ಮುಂದೆ ಹೇಳಲು. ಸಯಾನ್ ಆಸ್ಪತ್ರೆ, ಪರೇಲಿನ ಕೆಇಎಂ, ಎರಡರಲ್ಲೂ ಮನೋವೈದ್ಯ ವಿಭಾಗವಿದೆ, ನಿಮ್ಮ ಸೆಂಟ್ರಲ್ ಲೈನಿನಲ್ಲೇ ಹೋಗಿಬರಬಹುದು. ಹೊರಗೆ ಹೋಗುವ ಶಕ್ತಿ ಇಲ್ಲದ ದಿನ 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್, ಹಗಲುರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ‘ಇವರ ಹತ್ತಿರ ಹೋಗಿಬಿಡೋಣ’ ಎಂಬ ಯೋಚನೆ ಒಮ್ಮೆ ಬಂದರೂ ಆ ರಾತ್ರಿಯೇ ಮಾಡಿ, ಮಗನನ್ನೂ ಕರೆಸಿಕೊಳ್ಳಿ.

ಮಗ ಇದನ್ನು ಓದುತ್ತಿದ್ದರೆ ಅವನಿಗೂ ಒಂದು ಮಾತು. ತಮ್ಮಾ, ಅಮ್ಮ ‘ಅಪ್ಪ ಬಂದಿದ್ದರು’ ಎಂದಾಗ ‘ಇಲ್ಲಮ್ಮ, ಅದು ಭ್ರಮೆ’ ಎನ್ನಬೇಡ. ‘ಹೌದು, ಬಂದಿರಬೇಕು’ ಎಂದು ಒಲ್ಲದ ಮನಸ್ಸಿನಿಂದ ತಲೆಯಾಡಿಸುವುದೂ ಬೇಡ. ‘ಹೇಗನಿಸಿತು? ಆಮೇಲೆ ನಿದ್ರೆ ಬಂತಾ?’ ಎಂದು ಕೇಳು. ಕೇಳುವಾಗ ಫೋನ್ ಕೆಳಗಿಡು. ಅಪ್ಪನನ್ನು ಕಳೆದುಕೊಂಡವನು ನೀನೂ ಹೌದು. ನಿನಗೂ ಸ್ಟೇಷನ್ನಿನ ಗದ್ದಲದಲ್ಲಿ ಅವರ ಬೆನ್ನು ಕಂಡಿರಬಹುದು, ಕರೆದ ಹಾಗಾಗಿರಬಹುದು. ಆಗಿದ್ದರೆ ಅಮ್ಮನಿಗೆ ಹೇಳು.

ಈಗ ಮನೆಯ ಮಾತು. ಅಕ್ಕಾ, ನಿಮ್ಮ ಪತ್ರದಲ್ಲಿ ನಿಜವಾದ ಪ್ರಶ್ನೆ ಇದೇ ಎಂದು ನನಗನಿಸಿತು. ಹುಚ್ಚೇ ಎಂದು ಕೇಳಿದ್ದೀರಿ, ಆದರೆ ನಿಮ್ಮನ್ನು ನಿದ್ರೆಗೆಡಿಸುತ್ತಿರುವುದು ಮೂರು ತಿಂಗಳ ಗಡುವು. ಮುಂಬೈಯಲ್ಲಿ ಈಗ ಕಟ್ಟಡಗಳು ಒಂದಾದ ಮೇಲೊಂದು ಬೀಳುತ್ತಿವೆ, ಹೊಸದು ಎದ್ದೇಳುತ್ತಿದೆ. ಹೆಚ್ಚುವರಿ ಕಾರ್ಪೆಟ್ ಏರಿಯಾ ಎಷ್ಟು, ಬಾಡಿಗೆಗೆ ಬಿಲ್ಡರ್ ಎಷ್ಟು ಕೊಡುತ್ತಾನೆ ಎಂದು ಸೊಸೈಟಿ ಮೀಟಿಂಗಿನಲ್ಲಿ ಗಂಟೆಗಟ್ಟಲೆ ಚರ್ಚೆಯಾಗುತ್ತದೆ. ಆ ಗೋಡೆಗಳೊಳಗೆ ತೀರಿಹೋದವರ ಮಾತು ಅಜೆಂಡಾದಲ್ಲಿ ಬರುವುದೇ ಇಲ್ಲ. ಇವರು ನೋಡದ ಮನೆಯಲ್ಲಿ ನೀವು ಇರಬೇಕಾಗುತ್ತದೆ, ಆಮೇಲೆ ಇವರು ನೋಡದ ಇನ್ನೊಂದು ಮನೆಗೆ ವಾಪಸು ಬರಬೇಕಾಗುತ್ತದೆ. ಇದು ಎರಡನೇ ಸಲದ ಅಗಲಿಕೆ. ಇದಕ್ಕಾಗಿ ಅಳು ಬಂದರೆ ತಡೆಯಬೇಡಿ.

ಮನೆ ಬಿಟ್ಟರೆ ಬರುತ್ತಾರೆಯೇ ಎಂದರೆ, ಕೆಲವರಿಗೆ ಆ ಅನುಭವ ಹಳೆ ಮನೆಯಲ್ಲೇ ಉಳಿಯುತ್ತದೆ, ಕೆಲವರಿಗೆ ಜೊತೆಗೇ ಬರುತ್ತದೆ, ಇನ್ನು ಕೆಲವರಿಗೆ ಜಾಗವನ್ನೂ ಹೊತ್ತನ್ನೂ ಬದಲಿಸಿ ಬರುತ್ತದೆ, ರಾತ್ರಿಯ ಹಾಸಿಗೆಯ ಬದಲು ಬೆಳಗಿನ ಅಡುಗೆಮನೆಯಲ್ಲಿ. ಯಾವುದು ನಿಮ್ಮದಾಗುತ್ತದೆ ಎಂದು ಭರವಸೆ ಕೊಟ್ಟರೆ ನಿಮಗೆ ಮೋಸ ಮಾಡಿದ ಹಾಗೆ. ಆದರೆ ಇಷ್ಟು ಹೇಳಬಲ್ಲೆ: ಆ ಪಾಠ ಕಲಿತದ್ದು ನಿಮ್ಮ ಮೈ, ಕಟ್ಟಡವಲ್ಲ. ಬಿಲ್ಡರ್ ಕೆಡವುವುದು ಗೋಡೆಗಳನ್ನು. ಕಾಲ ಕಳೆದ ಹಾಗೆ ಇದು ಅಪರೂಪವಾಗುತ್ತಾ ಬರುವುದೂ ಉಂಟು. ಹಾಗಾದರೆ ಅದು ಇವರ ಮುನಿಸಲ್ಲ, ನಿಮ್ಮ ಪ್ರೀತಿ ತಗ್ಗಿದ್ದೂ ಅಲ್ಲ.

ಖಾಲಿ ಮಾಡುವ ಕೆಲಸವನ್ನು ಪೂರ್ತಿ ಪ್ಯಾಕರ್ಸ್ ಕೈಗೆ ಒಪ್ಪಿಸಬೇಡಿ. ಹಳೆಯ ಹಾಸಿಗೆಯನ್ನು ಗುಜರಿಯವನಿಗೆ ಹಾಕಿ ಹೊಸದು ತರೋಣ ಎಂದು ಮಗ ಹೇಳಿಯೇ ಹೇಳುತ್ತಾನೆ, ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾನೆ. ಈ ವರ್ಷ ಬೇಡ ಎನ್ನಿ. ಹಾಸಿಗೆ, ಇವರ ದಿಂಬು, ಬೀಗದ ಕೈ, ಊಟಕ್ಕೆ ಕೂರುವ ಮಣೆ ಇದ್ದರೆ ಅದು, ನಿಮ್ಮ ಕೈಯಿಂದಲೇ ಕಟ್ಟಿ. ಹೊಸ ಮನೆಯಲ್ಲೂ ಹಾಸಿಗೆಯ ನಿಮ್ಮ ಬದಿಯಲ್ಲೇ ಮಲಗಿ. ಹೊರಡುವ ಮೊದಲಿನ ಭಾನುವಾರ ಮಗನನ್ನು, ಸೊಸೆ ಇದ್ದರೆ ಅವಳನ್ನು, ಸಾಧ್ಯವಾದರೆ ನಾದಿನಿಯನ್ನೂ ಊರಿನಿಂದ ಕರೆಸಿ. ಇವರಿಗೆ ಇಷ್ಟವಾದ ಅಡುಗೆ ಮಾಡಿ, ಒಂದು ಎಲೆ ಇವರಿಗೂ ಬಡಿಸಿ, ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಹೊಸ ವಿಳಾಸ ಬಾಯಿಬಿಟ್ಟು ಹೇಳಿ. ನಾದಿನಿಗೆ ಬೇಕಾದ ಸಮಾಧಾನವೂ ಅಲ್ಲಿ ಸಿಕ್ಕೀತು. ಬಾಡಿಗೆ ಮನೆ ಠಾಣೆಯಲ್ಲೋ ಡೊಂಬಿವಲಿಯಲ್ಲೋ ಎಂದು ಇನ್ನೂ ತೀರ್ಮಾನವಾಗಿಲ್ಲದಿದ್ದರೆ, ನಿಮ್ಮ ಪರಿಚಯದ ಮುಖಗಳಿರುವ ಕಡೆಯೇ ನೋಡಿ. ಈ ವರ್ಷ ಎಲ್ಲವೂ ಒಟ್ಟಿಗೆ ಹೊಸದಾಗುವುದು ಬೇಡ.

ಮಾತಾಡಲೇ ಎಂದು ಕೇಳಿದ್ದೀರಿ. ಧಾರಾಳವಾಗಿ ಮಾತಾಡಿ. ರೀಸ್ ಅವರ ಆ ಪಟ್ಟಿಯಲ್ಲೂ ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಮಾತಾಡುತ್ತಿದ್ದರು. ಮನೆಯ ಭಾಷೆಯಲ್ಲೇ, ಇವರು ಇದ್ದಾಗ ಹೇಗೆ ಮಾತಾಡುತ್ತಿದ್ದಿರೋ ಹಾಗೇ. ಜಗಳವಾಡಬೇಕೆನಿಸಿದರೆ ಜಗಳವನ್ನೂ ಆಡಿ. ಹೇಳದೆ ಕೇಳದೆ ಹೋದವರ ಮೇಲೆ ಸಿಟ್ಟೂ ಇರುತ್ತದೆ. ಆದರೆ ಮಾತಿಗೆ ಒಂದು ಗಂಟೆಯವರೆಗೆ ಕಾದು ಕೂರಬೇಡಿ. ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಇವರ ಫೋಟೋದ ಮುಂದೆ ಕೂತು ದಿನದ ಮಾತೆಲ್ಲ ಹೇಳಿ, ಹತ್ತೂವರೆಯೊಳಗೆ ಮಲಗಿ. ಆಮೇಲೂ ಹಾಸಿಗೆ ತಗ್ಗಿದರೆ ತಗ್ಗಲಿ, ಗಡಿಯಾರ ನೋಡದೆ ಹಾಗೇ ನಿದ್ರೆ ಹೋಗಿ. ಡಾಕ್ಟರರ ಹತ್ತಿರ ಹೋಗುವಾಗ ಆ ಮಾತ್ರೆಯ ಸ್ಟ್ರಿಪ್ ಮತ್ತು ನಿಮ್ಮ ಬಿಪಿ, ಶುಗರ್ ಔಷಧಿಗಳಿದ್ದರೆ ಅವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಈ ವಾರದಲ್ಲೇ ಹೋದರೆ ಒಳ್ಳೆಯದು.